ಸಂಚಿತ ಶ್ರೇಣಿ ಸರಾಸರಿ: ಚಿತ್ರದುರ್ಗ ಜಿಲ್ಲೆಯ ಪದವಿ ವಿದ್ಯಾರ್ಥಿಗಳ ಲೆಕ್ಕ, ಭಾಷೆ ಮತ್ತು ಕನ್ನಡ ಪತ್ರಿಕೆಯ ತೂಕ

1. ಪ್ರಸ್ತಾವನೆ

ಪದವಿ ತರಗತಿಗಳ ಕನ್ನಡ ಅಧ್ಯಾಪಕರ ಬಳಿಗೆ ವಿದ್ಯಾರ್ಥಿಗಳು ತರುವ ಪ್ರಶ್ನೆಗಳಲ್ಲಿ ಎಲ್ಲವೂ ಪಠ್ಯಕ್ಕೆ ಸಂಬಂಧಿಸಿದವುಗಳಲ್ಲ. ಫಲಿತಾಂಶ ಪ್ರಕಟವಾದ ವಾರದಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ ಒಂದೇ: 'ನನ್ನ ಸಿಜಿಪಿಎ ಎಷ್ಟು, ಅದು ಎಷ್ಟು ಪರ್ಸೆಂಟ್?' ಈ ಪ್ರಶ್ನೆಯನ್ನು ಗಣಿತದ ಅಥವಾ ವಾಣಿಜ್ಯದ ಅಧ್ಯಾಪಕರಿಗೆ ಬಿಟ್ಟುಕೊಟ್ಟು ನಾವು ದೂರ ಸರಿಯುವುದು ಸುಲಭ. ಆದರೆ ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಅದರೊಳಗೆ ಲೆಕ್ಕದ ತೊಡಕಿಗಿಂತ ಪದಗಳ ತೊಡಕೇ ಹೆಚ್ಚಾಗಿರುವುದು ಕಂಡುಬರುತ್ತದೆ. ಅಂಕ, ಶ್ರೇಣಿ, ದರ್ಜೆ, ಕ್ರೆಡಿಟ್, ಸರಾಸರಿ ಎಂಬ ಐದು ಪದಗಳ ಅರ್ಥವ್ಯಾಪ್ತಿ ಸ್ಪಷ್ಟವಾಗದ ಹೊರತು ಕೂಡುವ, ಗುಣಿಸುವ, ಭಾಗಿಸುವ ಕ್ರಿಯೆಗಳು ಸರಿಯಾಗಿದ್ದರೂ ಉತ್ತರ ತಪ್ಪಾಗುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಗಳ ಪದವಿ ಕಾಲೇಜುಗಳನ್ನು ಹಿನ್ನೆಲೆಯಾಗಿಟ್ಟುಕೊಂಡು, ವಿದ್ಯಾರ್ಥಿಗಳು ಸಂಚಿತ ಶ್ರೇಣಿ ಸರಾಸರಿಯನ್ನು ಹೇಗೆ ಲೆಕ್ಕ ಹಾಕಬೇಕು, ಎಲ್ಲಿ ಎಡವುತ್ತಾರೆ, ಆ ಎಡವಿನಲ್ಲಿ ಭಾಷೆಯ ಪಾತ್ರವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದರ ಜೊತೆಗೆ, ಈ ಲೆಕ್ಕದಲ್ಲಿ ಕನ್ನಡ ಪತ್ರಿಕೆಗೆ ಇರುವ ನಿಜವಾದ ತೂಕ ಎಷ್ಟು ಎಂಬುದನ್ನೂ ನಿರೂಪಿಸಲಾಗಿದೆ. ಲೆಕ್ಕವನ್ನು ಕಲಿಸುವ ಹೊಣೆ ಕನ್ನಡ ವಿಭಾಗಗಳದ್ದೂ ಹೌದು ಎಂಬುದು ಲೇಖನದ ಮುಖ್ಯ ಪ್ರತಿಪಾದನೆ.

2. ದರ್ಜೆಯಿಂದ ಶ್ರೇಣಿಗೆ

ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಶಂಕರಘಟ್ಟದ ಕಡೆಗೂ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ರೂಪುಗೊಂಡಾಗ ತೋಳಹುಣಸೆಯ ಶಿವಗಂಗೋತ್ರಿಯ ಕಡೆಗೂ ಅವು ಮುಖ ಮಾಡಿದವು. ಚಿತ್ರದುರ್ಗದ ಸರ್ಕಾರಿ ಕಲಾ ಕಾಲೇಜು ಮತ್ತು ಸರ್ಕಾರಿ ವಿಜ್ಞಾನ ಕಾಲೇಜು, ಹಿರಿಯೂರಿನ ವಾಣಿ ಸಕ್ಕರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹೊಸದುರ್ಗ ಹಾಗೂ ಹೊಳಲ್ಕೆರೆಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳ ಪಾಲಿಗೆ ಅಂಕಪಟ್ಟಿ ಬರುವ ಊರು ಹೀಗೆ ಒಂದೆರಡು ತಲೆಮಾರುಗಳಲ್ಲಿ ಎರಡು ಸಲ ಬದಲಾಗಿದೆ. ಅಂಕಪಟ್ಟಿಯ ಭಾಷೆಯೂ ಅಷ್ಟೇ ಬದಲಾಗಿದೆ.

ಹಳೆಯ ಅಂಕಪಟ್ಟಿಯ ಭಾಷೆ 'ದರ್ಜೆ'ಯದು. ಶೇಕಡಾ ಅರವತ್ತು ದಾಟಿದರೆ ಪ್ರಥಮ ದರ್ಜೆ, ಅದಕ್ಕಿಂತ ಕೆಳಗೆ ದ್ವಿತೀಯ ದರ್ಜೆ, ಆಮೇಲೆ ಬರಿಯ ತೇರ್ಗಡೆ. ಇದು ಮೂರು ಮೆಟ್ಟಿಲುಗಳ ಸರಳ ಲೋಕ. ಈ ಲೋಕ ಅಂಕಪಟ್ಟಿಯಲ್ಲಿ ಹಿಂದೆ ಸರಿದಿದ್ದರೂ ಕಾಲೇಜಿನ ನಾಮಫಲಕದಲ್ಲಿ ಇನ್ನೂ ಉಳಿದಿದೆ ಎಂಬುದು ಗಮನಾರ್ಹ. 'ಪ್ರಥಮ ದರ್ಜೆ ಕಾಲೇಜು' ಎಂಬ ಫಲಕದ ಕೆಳಗೆ ಹಾದುಹೋಗುವ, 'ಪ್ರಥಮ ದರ್ಜೆ ಸಹಾಯಕ', 'ದ್ವಿತೀಯ ದರ್ಜೆ ಸಹಾಯಕ' ಹುದ್ದೆಗಳ ಪರೀಕ್ಷೆಗೆ ಸಿದ್ಧತೆ ನಡೆಸುವ ವಿದ್ಯಾರ್ಥಿಯ ಕೈಗೆ ಬರುವ ಕಾಗದದಲ್ಲಿ ಮಾತ್ರ 7.28 ಎಂಬಂತಹ ಒಂದು ಸಂಖ್ಯೆ ಇರುತ್ತದೆ. ಮನೆಯಲ್ಲಿ ತಂದೆತಾಯಿಗಳು 'ಯಾವ ಕ್ಲಾಸು ಬಂತು?' ಎಂದು ಕೇಳುತ್ತಾರೆ. ಕಾಗದ ಆ ಪ್ರಶ್ನೆಗೆ ನೇರವಾಗಿ ಉತ್ತರಿಸುವುದಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2014-15ರ ಹೊತ್ತಿಗೆ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಗಳನ್ನು ನೀಡಿ ಹತ್ತು ಅಂಶಗಳ ಶ್ರೇಣಿ ಕೋಷ್ಟಕವನ್ನು ಸೂಚಿಸಿತು. ಅದರಲ್ಲಿ ಓ ಎಂಬ ಅತ್ಯುನ್ನತ ಶ್ರೇಣಿಗೆ 10, ಎ ಪ್ಲಸ್‌ಗೆ 9, ಎ ಶ್ರೇಣಿಗೆ 8, ಬಿ ಪ್ಲಸ್‌ಗೆ 7, ಬಿ ಶ್ರೇಣಿಗೆ 6, ಸಿ ಶ್ರೇಣಿಗೆ 5, ತೇರ್ಗಡೆಯ ಪಿ ಶ್ರೇಣಿಗೆ 4, ಅನುತ್ತೀರ್ಣರಾದವರಿಗೂ ಗೈರುಹಾಜರಾದವರಿಗೂ 0 ಎಂದು ಮೌಲ್ಯ ನಿಗದಿಯಾಗಿದೆ. ಎಷ್ಟು ಅಂಕಕ್ಕೆ ಯಾವ ಶ್ರೇಣಿ ಎಂಬ ತೀರ್ಮಾನವನ್ನು ಆಯೋಗವು ಆಯಾ ವಿಶ್ವವಿದ್ಯಾಲಯಗಳಿಗೆ ಬಿಟ್ಟಿತು.

ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಪದವಿ ತರಗತಿಗಳಿಗೆ ಬಂದಿತು. ಅದೇ ಹೊತ್ತಿಗೆ ಪ್ರವೇಶ, ಪರೀಕ್ಷೆ, ಫಲಿತಾಂಶಗಳೆಲ್ಲ ರಾಜ್ಯದ ಏಕೀಕೃತ ಗಣಕ ವ್ಯವಸ್ಥೆಗೆ ಸೇರಿದವು. ಮೇ 2024ರಲ್ಲಿ ರಾಜ್ಯ ಸರ್ಕಾರವು ಮೂರು ವರ್ಷದ ಪದವಿಗೆ ಮರಳುವ ನಿರ್ಧಾರ ಕೈಗೊಂಡು 2024-25ರಿಂದ ಹೊಸ ಪಠ್ಯಕ್ರಮವನ್ನು ಜಾರಿಗೆ ತಂದಿತು. ಪರಿಣಾಮವಾಗಿ 2021-22ರಿಂದ 2023-24ರವರೆಗೆ ಸೇರಿದವರ ಕ್ರೆಡಿಟ್ ಹಂಚಿಕೆಯೂ ಆನಂತರ ಸೇರಿದವರ ಹಂಚಿಕೆಯೂ ಬೇರೆ ಬೇರೆ. ಅಕ್ಕನ ಲೆಕ್ಕವನ್ನು ನೋಡಿ ತಮ್ಮ ತನ್ನ ಲೆಕ್ಕ ಹಾಕುವಂತಿಲ್ಲ. ಈ ಹಿನ್ನೆಲೆಯಲ್ಲಿ ಸೂತ್ರವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅದರ ಹಿಂದಿನ ತತ್ತ್ವವನ್ನು ತಿಳಿಸುವುದು ಅಗತ್ಯವಾಗಿದೆ.

3. ಪದಗಳ ಗೊಂದಲ

'ಅಂಕ' ಎಂಬುದು ಕನ್ನಡದಲ್ಲಿ ಬಹಳ ದುಡಿದ ಪದ. ಗುರುತು, ಸಂಖ್ಯೆ, ತೊಡೆ, ನಾಟಕದ ಭಾಗ, ಕಾಳಗ ಇವೆಲ್ಲ ಅದರ ಅರ್ಥಗಳು. ಹಳಗನ್ನಡದ 'ಅಂಕಕಾರ' ದ್ವಂದ್ವಯುದ್ಧದ ವೀರ. ವಚನದ 'ಅಂಕಿತ' ವಚನಕಾರನ ಗುರುತು. ಇಂತಹ ಪದವನ್ನು ಪರೀಕ್ಷೆಯ ಸಂದರ್ಭದಲ್ಲಿ ನಾವು ಎರಡು ಬೇರೆ ಪರಿಕಲ್ಪನೆಗಳಿಗೆ ಒಟ್ಟಿಗೆ ಬಳಸುತ್ತಿದ್ದೇವೆ. ಉತ್ತರಪತ್ರಿಕೆಯಲ್ಲಿ ನೂರಕ್ಕೆ ಪಡೆದದ್ದೂ ಅಂಕ. ಹತ್ತಕ್ಕೆ ನಿಗದಿಯಾದ ಶ್ರೇಣಿಯ ಮೌಲ್ಯವೂ 'ಶ್ರೇಣಿ ಅಂಕ'. ಆದ್ದರಿಂದ 8 ಎಂಬ ಶ್ರೇಣಿ ಅಂಕವನ್ನು ವಿದ್ಯಾರ್ಥಿಯು ಎಂಬತ್ತು ಅಂಕ ಎಂದು ಓದಿಕೊಳ್ಳುವುದು ಸಹಜ. ನಿಜದಲ್ಲಿ ಆ 8ರ ಹಿಂದೆ ಇರುವುದು ಒಂದು ನಿರ್ದಿಷ್ಟ ಅಂಕವಲ್ಲ. ಅಂಕಗಳ ಒಂದು ವ್ಯಾಪ್ತಿ. ಈ ಕಾರಣದಿಂದ ಪ್ರಸ್ತುತ ಲೇಖನದಲ್ಲಿ 'ಅಂಕ' ಎಂಬುದನ್ನು ಉತ್ತರಪತ್ರಿಕೆಯ ಗಳಿಕೆಗೆ ಮಾತ್ರ ಬಳಸಿ, ಹತ್ತರ ಮಾಪನಕ್ಕೆ 'ಶ್ರೇಣಿಮೌಲ್ಯ' ಎಂಬ ಪದವನ್ನು ಬಳಸಲಾಗಿದೆ.

'ಶ್ರೇಣಿ' ಶಾಸನಗಳಲ್ಲಿ ವೃತ್ತಿಸಂಘಕ್ಕೆ ಸಲ್ಲುತ್ತಿದ್ದ ಪದ. ಈಗ ಸಾಲು, ಮಟ್ಟ ಎಂಬ ಅರ್ಥಗಳಲ್ಲಿ ನೆಲೆನಿಂತಿದೆ. 'ದರ್ಜೆ' ಅರಬ್ಬಿ ಮೂಲದ್ದು; ಆಡಳಿತದ ದಾರಿಯಲ್ಲಿ ಬಂದದ್ದು. 'ಕ್ರೆಡಿಟ್' ಇವೆಲ್ಲಕ್ಕಿಂತ ಹೊಸತು. ಅದನ್ನು ನಮ್ಮ ವಿದ್ಯಾರ್ಥಿಗಳು ಮೊದಲು ಕೇಳಿರುವುದು ಬ್ಯಾಂಕಿನ ಸಂದೇಶದಲ್ಲಿ. ವಿದ್ಯಾರ್ಥಿವೇತನ ಖಾತೆಗೆ 'ಕ್ರೆಡಿಟ್' ಆಗುತ್ತದೆ. 2021ರಲ್ಲಿ ಅನುದಾನ ಆಯೋಗವು ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಗಳನ್ನು ಹೊರಡಿಸಿದ ಮೇಲೆ ಈ ಹೋಲಿಕೆ ಇನ್ನಷ್ಟು ಗಟ್ಟಿಯಾಯಿತು. ಆದುದರಿಂದ 'ಚೆನ್ನಾಗಿ ಬರೆದರೆ ಹೆಚ್ಚು ಕ್ರೆಡಿಟ್ ಸಿಗುತ್ತದೆ' ಎಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಕ್ರೆಡಿಟ್ ಎಂಬುದು ಪತ್ರಿಕೆಗೆ ಸೇರಿದ್ದು, ವಿದ್ಯಾರ್ಥಿಯ ಗಳಿಕೆಯ ಮಟ್ಟಕ್ಕೆ ಸೇರಿದ್ದಲ್ಲ. ಆಯೋಗದ ನಿರೂಪಣೆಯಂತೆ ಒಂದು ಸೆಮಿಸ್ಟರಿನುದ್ದಕ್ಕೂ ವಾರಕ್ಕೆ ಒಂದು ಗಂಟೆಯ ಬೋಧನೆ ಅಥವಾ ಎರಡು ಗಂಟೆಯ ಪ್ರಾಯೋಗಿಕ ಕೆಲಸ ಒಂದು ಕ್ರೆಡಿಟ್‌ಗೆ ಸಮ. ಮೂರು ಕ್ರೆಡಿಟ್‌ನ ಪತ್ರಿಕೆಯಲ್ಲಿ ಪಿ ಶ್ರೇಣಿ ಪಡೆದವನಿಗೂ ಓ ಶ್ರೇಣಿ ಪಡೆದವಳಿಗೂ ದೊರೆಯುವುದು ಮೂರೇ ಕ್ರೆಡಿಟ್. ವ್ಯತ್ಯಾಸ ಇರುವುದು ಆ ಮೂರರ ಮೇಲೆ ಗುಣಿಸುವ ಶ್ರೇಣಿಮೌಲ್ಯದಲ್ಲಿ. ಕನ್ನಡದಲ್ಲಿ ಕ್ರೆಡಿಟ್‌ಗೆ ಹತ್ತಿರದ ಪದ 'ಜಮೆ' ಅಲ್ಲ, 'ತೂಕ'.

4. ತೂಕದ ಲೆಕ್ಕ ನಮಗೆ ಹೊಸದಲ್ಲ

ಶ್ರೇಣಿ ಸರಾಸರಿಯು ಹೊರಗಿನಿಂದ ಬಂದ ಪದ್ಧತಿಯಾದರೂ ಅದರ ಲೆಕ್ಕ ಈ ನೆಲಕ್ಕೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, 9ನೆಯ ಶತಮಾನದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲೂ 12ನೆಯ ಶತಮಾನದ ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲೂ ಚಿನ್ನವನ್ನು ಬೆರೆಸುವ ಲೆಕ್ಕಗಳಿವೆ. ಬೇರೆ ಬೇರೆ ತೂಕದ, ಬೇರೆ ಬೇರೆ ವರ್ಣದ, ಅಂದರೆ ಬೇರೆ ಬೇರೆ ಶುದ್ಧತೆಯ ಚಿನ್ನದ ತುಂಡುಗಳನ್ನು ಒಟ್ಟಿಗೆ ಕರಗಿಸಿದರೆ ಬರುವ ಚಿನ್ನದ ವರ್ಣ ಯಾವುದು ಎಂಬುದು ಪ್ರಶ್ನೆ. ಪ್ರತಿ ತುಂಡಿನ ತೂಕವನ್ನು ಅದರ ವರ್ಣದಿಂದ ಗುಣಿಸಿ, ಆ ಗುಣಲಬ್ಧಗಳನ್ನೆಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು ಎಂಬುದು ಉತ್ತರದ ಕ್ರಮ. ತೂಕದ ಜಾಗದಲ್ಲಿ ಕ್ರೆಡಿಟ್, ವರ್ಣದ ಜಾಗದಲ್ಲಿ ಶ್ರೇಣಿಮೌಲ್ಯ ಇಟ್ಟರೆ ಸೆಮಿಸ್ಟರಿನ ಶ್ರೇಣಿ ಸರಾಸರಿ ದೊರೆಯುತ್ತದೆ. ಒಂದಕ್ಷರವೂ ವ್ಯತ್ಯಾಸವಿಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಿದ್ದಾನೆ. ಬದುಕಿನ ಲೆಕ್ಕವನ್ನು ಕನ್ನಡದಲ್ಲಿ ಹೇಳಿಕೊಡುವುದು ನಮ್ಮ ಸಾಹಿತ್ಯ ಪರಂಪರೆಗೆ ಹೊರತಾದ ಕೆಲಸವಲ್ಲ ಎಂಬುದಕ್ಕೆ ಅದು ಸಾಕ್ಷಿ.

ಗ್ರಂಥಗಳವರೆಗೆ ಹೋಗದೆಯೂ ಇದನ್ನು ತಿಳಿಸಬಹುದು. ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳಲ್ಲಿ ಅಡಕೆ ಬೆಳೆಯುವ ಮನೆಗಳಿಂದ ಬರುವ ವಿದ್ಯಾರ್ಥಿಗಳಿಗೆ ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಶ್ರೇಣಿಗಳು ಗೊತ್ತು. ಭೀಮಸಮುದ್ರದ ಅಡಕೆ ವ್ಯಾಪಾರವೂ ಗೊತ್ತು. ಮೂರು ಕ್ವಿಂಟಲ್ ರಾಶಿಯನ್ನು ಕ್ವಿಂಟಲಿಗೆ 50,000 ರೂಪಾಯಿಯಂತೆ, ಒಂದು ಕ್ವಿಂಟಲ್ ಕೆಂಪುಗೋಟನ್ನು 30,000 ರೂಪಾಯಿಯಂತೆ ಮಾರಿದರೆಂದು ಕಲ್ಪಿಸಿಕೊಳ್ಳೋಣ. ಸರಾಸರಿ ಧಾರಣೆ ಎಷ್ಟು? ಎರಡು ಬೆಲೆಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 40,000. ಆದರೆ ಕೈಗೆ ಬಂದ ಹಣ 1,80,000. ಅದನ್ನು ನಾಲ್ಕು ಕ್ವಿಂಟಲಿಗೆ ಹಂಚಿದರೆ 45,000. ಮೊದಲನೆಯ ಲೆಕ್ಕವನ್ನು ಯಾವ ಬೆಳೆಗಾರನೂ ಒಪ್ಪುವುದಿಲ್ಲ. ಅಂಕಪಟ್ಟಿಯ ಮುಂದೆ ಕುಳಿತಾಗ ಮಾತ್ರ ಅದೇ ಮನೆಯ ಮಗ ಅಥವಾ ಮಗಳು ತೂಕವನ್ನು ಮರೆತು ಮೊದಲನೆಯ ಲೆಕ್ಕವನ್ನು ಹಾಕುತ್ತಾರೆ. ಮನೆಯ ಲೆಕ್ಕಕ್ಕೂ ಕಾಲೇಜಿನ ಲೆಕ್ಕಕ್ಕೂ ನಡುವೆ ಸೇತುವೆ ಕಟ್ಟುವ ಪದಗಳನ್ನು ನಾವು ಒದಗಿಸದಿರುವುದೇ ಇದಕ್ಕೆ ಕಾರಣ.

5. ಒಂದು ಸೆಮಿಸ್ಟರಿನ ಮಾದರಿ

2021-22ರ ಪಠ್ಯಕ್ರಮದ ಕಲಾ ಪದವಿಯನ್ನು ಹೋಲುವ, 25 ಕ್ರೆಡಿಟ್‌ಗಳ ಒಂದು ಕಾಲ್ಪನಿಕ ಸೆಮಿಸ್ಟರನ್ನು ಪರಿಶೀಲಿಸಬಹುದು. ಇಲ್ಲಿನ ಶ್ರೇಣಿಮೌಲ್ಯಗಳು ಉದಾಹರಣೆಗಾಗಿ ಇಟ್ಟುಕೊಂಡವು.

ಕನ್ನಡ: 3 ಕ್ರೆಡಿಟ್, ಶ್ರೇಣಿಮೌಲ್ಯ 9, ಗುಣಲಬ್ಧ 27
ಇಂಗ್ಲಿಷ್: 3 ಕ್ರೆಡಿಟ್, ಶ್ರೇಣಿಮೌಲ್ಯ 5, ಗುಣಲಬ್ಧ 15
ಇತಿಹಾಸ, ಮೊದಲ ಪತ್ರಿಕೆ: 3 ಕ್ರೆಡಿಟ್, ಶ್ರೇಣಿಮೌಲ್ಯ 7, ಗುಣಲಬ್ಧ 21
ಇತಿಹಾಸ, ಎರಡನೆಯ ಪತ್ರಿಕೆ: 3 ಕ್ರೆಡಿಟ್, ಶ್ರೇಣಿಮೌಲ್ಯ 6, ಗುಣಲಬ್ಧ 18
ರಾಜ್ಯಶಾಸ್ತ್ರ, ಮೊದಲ ಪತ್ರಿಕೆ: 3 ಕ್ರೆಡಿಟ್, ಶ್ರೇಣಿಮೌಲ್ಯ 6, ಗುಣಲಬ್ಧ 18
ರಾಜ್ಯಶಾಸ್ತ್ರ, ಎರಡನೆಯ ಪತ್ರಿಕೆ: 3 ಕ್ರೆಡಿಟ್, ಶ್ರೇಣಿಮೌಲ್ಯ 7, ಗುಣಲಬ್ಧ 21
ಮುಕ್ತ ಆಯ್ಕೆಯ ಪತ್ರಿಕೆ: 3 ಕ್ರೆಡಿಟ್, ಶ್ರೇಣಿಮೌಲ್ಯ 8, ಗುಣಲಬ್ಧ 24
ಕೌಶಲ ಪತ್ರಿಕೆ: 2 ಕ್ರೆಡಿಟ್, ಶ್ರೇಣಿಮೌಲ್ಯ 9, ಗುಣಲಬ್ಧ 18
ಯೋಗ ಮತ್ತು ಆರೋಗ್ಯ: 2 ಕ್ರೆಡಿಟ್, ಶ್ರೇಣಿಮೌಲ್ಯ 10, ಗುಣಲಬ್ಧ 20

ಗುಣಲಬ್ಧಗಳ ಮೊತ್ತ 182. ಅದನ್ನು 25ರಿಂದ ಭಾಗಿಸಿದರೆ ಸೆಮಿಸ್ಟರಿನ ಶ್ರೇಣಿ ಸರಾಸರಿ 7.28. ತೂಕವನ್ನು ಬಿಟ್ಟು ಒಂಬತ್ತು ಶ್ರೇಣಿಮೌಲ್ಯಗಳನ್ನು ಕೂಡಿಸಿ ಒಂಬತ್ತರಿಂದ ಭಾಗಿಸಿದರೆ 7.44 ಬರುತ್ತದೆ. ಹೆಚ್ಚು ಶ್ರೇಣಿ ಬಂದಿರುವುದು ಕಡಿಮೆ ತೂಕದ ಪತ್ರಿಕೆಗಳಲ್ಲಾದ್ದರಿಂದ ತಪ್ಪು ಲೆಕ್ಕ ವಿದ್ಯಾರ್ಥಿಗೆ ಹಿತವಾಗಿ ಕಾಣುತ್ತದೆ. ಮುದ್ರಿತ ಕಾಗದದಲ್ಲಿ 7.28 ಕಂಡಾಗ ವಿಶ್ವವಿದ್ಯಾಲಯವೇ ತಪ್ಪೆಸಗಿದೆ ಎಂಬ ಅನುಮಾನ ಹುಟ್ಟುತ್ತದೆ. ಹಿರಿಯೂರಿನಿಂದ ಶಿವಗಂಗೋತ್ರಿಗೆ ಸುಮಾರು ನೂರು ಕಿಲೋಮೀಟರು. ಇಲ್ಲದ ತಪ್ಪನ್ನು ತಿದ್ದಿಸಲು ಅಷ್ಟು ದೂರ ಹೋಗುವ ಮೊದಲು ಕಾಲೇಜಿನಲ್ಲಿಯೇ ಹತ್ತು ನಿಮಿಷ ಕುಳಿತು ಲೆಕ್ಕ ಮಾಡಿಸಬಹುದು. ನಿಜವಾಗಿಯೂ ತಪ್ಪಿದ್ದರೆ ಅದನ್ನು ಆಧಾರಸಹಿತವಾಗಿ ಬರೆದು ತೋರಿಸುವ ಧೈರ್ಯವೂ ಇದರಿಂದಲೇ ಬರುತ್ತದೆ.

ಇದೇ ಮಾದರಿಯಿಂದ ಇನ್ನೆರಡು ಸಂಗತಿಗಳು ತಿಳಿಯುತ್ತವೆ. ಇಂಗ್ಲಿಷಿನ ಶ್ರೇಣಿಮೌಲ್ಯ 5ರಿಂದ 6ಕ್ಕೆ ಏರಿದರೆ ಸರಾಸರಿ 0.12ರಷ್ಟು ಏರುತ್ತದೆ, ಯೋಗದಲ್ಲಿ 10ರಿಂದ 9ಕ್ಕೆ ಇಳಿದರೆ 0.08ರಷ್ಟು ಇಳಿಯುತ್ತದೆ. ಆದರೆ ಇಂಗ್ಲಿಷಿನಲ್ಲಿ ಅನುತ್ತೀರ್ಣರಾಗಿ ಮೌಲ್ಯ ಸೊನ್ನೆಯಾದರೆ ಮೊತ್ತ 167ಕ್ಕೆ, ಸರಾಸರಿ 6.68ಕ್ಕೆ ಕುಸಿಯುತ್ತದೆ. ಇನ್ನು ಕೆಲವು ನಿಯಮಾವಳಿಗಳಲ್ಲಿ ಬಾಕಿ ಪತ್ರಿಕೆ ಇರುವವರೆಗೆ ಸರಾಸರಿಯನ್ನೇ ಘೋಷಿಸುವುದಿಲ್ಲ. ಗೆದ್ದ ಪತ್ರಿಕೆಯನ್ನು ಇನ್ನಷ್ಟು ಹೊಳೆಯಿಸುವುದಕ್ಕಿಂತ ಸೋಲಬಹುದಾದ ಪತ್ರಿಕೆಯನ್ನು ಉಳಿಸಿಕೊಳ್ಳುವುದೇ ಹೆಚ್ಚು ಫಲದಾಯಕ ಎಂಬುದು ಇದರ ತಾತ್ಪರ್ಯ.

ಶ್ರೇಣಿಯ ಗಡಿಗಳ ವಿಷಯವೂ ಇಲ್ಲಿ ಮುಖ್ಯ. 60ರಿಂದ 69ಕ್ಕೆ 7, 70ರಿಂದ 79ಕ್ಕೆ 8 ಎಂಬ ಹಂಚಿಕೆ ಇದೆಯೆಂದು ಭಾವಿಸಿದರೆ, 69 ಮತ್ತು 70ರ ನಡುವಿನ ಒಂದೇ ಅಂಕ ಒಂದು ಪೂರ್ಣ ಶ್ರೇಣಿಮೌಲ್ಯವಾಗುತ್ತದೆ; 70 ಮತ್ತು 79ರ ನಡುವಿನ ಒಂಬತ್ತು ಅಂಕಗಳು ಲೆಕ್ಕದಿಂದಲೇ ಮಾಯವಾಗುತ್ತವೆ. ಅಂಕವನ್ನು ನೇರವಾಗಿ ಹತ್ತರಿಂದ ಭಾಗಿಸುವ ನಿಯಮವಿದ್ದರೆ ಈ ಜಿಗಿತ ಇರುವುದಿಲ್ಲ. ಮರುಎಣಿಕೆಗೆ ಅಥವಾ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವ ಮೊದಲು ತನ್ನ ಅಂಕ ಗಡಿಯ ಸಮೀಪದಲ್ಲಿದೆಯೇ ಎಂದು ವಿದ್ಯಾರ್ಥಿ ನೋಡಿಕೊಳ್ಳುವುದು ಒಳಿತು.

6. 'ಸಂಚಿತ' ಎಂಬ ವಿಶೇಷಣ

ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿಗೆ ಕನ್ನಡದಲ್ಲಿ 'ಸಂಚಿತ' ಎಂಬ ವಿಶೇಷಣ ಬಳಕೆಯಲ್ಲಿದೆ. ಕೂಡಿಟ್ಟದ್ದು ಎಂಬುದು ಅದರ ಅರ್ಥ. ಸಂಚಿತ ಕರ್ಮದ ಕಲ್ಪನೆ ಬಲ್ಲ ಭಾಷೆಯಲ್ಲಿ ಈ ಪದ ತಾನಾಗಿಯೇ ಬೆಳೆಯುತ್ತಾ ಹೋಗುವ ರಾಶಿಯನ್ನು ನೆನಪಿಸುತ್ತದೆ. ಆದರೆ ಬೆಳೆಯುವುದು ಕ್ರೆಡಿಟ್‌ಗಳ ರಾಶಿಯೇ ಹೊರತು ಸರಾಸರಿಯಲ್ಲ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಉದಾಹರಣೆಯಿಂದ ಇದನ್ನು ವಿವರಿಸಬಹುದು. 1907ರಲ್ಲಿ ಪೂರ್ಣಗೊಂಡ ಈ ಜಲಾಶಯದ ಪೂರ್ಣಮಟ್ಟ 130 ಅಡಿ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಳಹರಿವು ಇದ್ದಷ್ಟು ದಿನ ನೀರಿನ ಮಟ್ಟ ಏರುತ್ತದೆ. ಬಂದ ನೀರು ತಿಳಿಯೋ ಬಗ್ಗಡವೋ ಎಂಬುದು ಮಟ್ಟಕ್ಕೆ ಮುಖ್ಯವಲ್ಲ. ಕ್ರೆಡಿಟ್‌ಗಳ ಮೊತ್ತ ಈ ಮಟ್ಟದಂತೆ. ಸಂಚಿತ ಸರಾಸರಿಯಾದರೋ ನೀರಿನ ತಿಳಿಯಂತೆ: ಹೊಸದಾಗಿ ಬಂದದ್ದು ಇರುವುದಕ್ಕಿಂತ ತಿಳಿಯಾಗಿದ್ದರೆ ಮಾತ್ರ ಅದು ಸುಧಾರಿಸುತ್ತದೆ. ಜೊತೆಗೆ, ಕೆರೆ ತುಂಬುತ್ತಾ ಹೋದಂತೆ ಹೊಸ ನೀರಿನ ಪ್ರಭಾವ ಕುಗ್ಗುತ್ತದೆ.

ಈ ಕೊನೆಯ ಅಂಶ ವಿದ್ಯಾರ್ಥಿಯ ಭವಿಷ್ಯದ ದೃಷ್ಟಿಯಿಂದ ಅತ್ಯಂತ ಮುಖ್ಯವಾದುದು. ಮೇಲಿನ ವಿದ್ಯಾರ್ಥಿಗೆ ತಲಾ 25 ಕ್ರೆಡಿಟ್‌ಗಳ ಮೊದಲ ನಾಲ್ಕು ಸೆಮಿಸ್ಟರುಗಳಲ್ಲಿ ಕ್ರಮವಾಗಿ 7.28, 6.40, 7.00, 7.20 ಬಂದಿದೆಯೆಂದು ಭಾವಿಸೋಣ. ಗುಣಲಬ್ಧಗಳ ಮೊತ್ತ 697. ನೂರು ಕ್ರೆಡಿಟ್‌ಗಳಿಗೆ ಸಂಚಿತ ಸರಾಸರಿ 6.97. ಉಳಿದಿರುವುದು ತಲಾ 24 ಕ್ರೆಡಿಟ್‌ಗಳ ಎರಡು ಸೆಮಿಸ್ಟರುಗಳು. ಒಟ್ಟು 148 ಕ್ರೆಡಿಟ್‌ಗಳ ಕೊನೆಯಲ್ಲಿ 7.00 ಬೇಕಿದ್ದರೆ ಒಟ್ಟು ಮೊತ್ತ 1036 ಆಗಬೇಕು. ಉಳಿದ 339ನ್ನು 48 ಕ್ರೆಡಿಟ್‌ಗಳಲ್ಲಿ ಗಳಿಸಲು 7.06ರ ಸರಾಸರಿ ಸಾಕು. 7.50 ಬೇಕಿದ್ದರೆ 8.60ಕ್ಕೂ ತುಸು ಹೆಚ್ಚು ಬೇಕು. ಕಷ್ಟ, ಆದರೆ ಸಾಧ್ಯ. 8.00 ಬೇಕಿದ್ದರೆ 10.15 ಬೇಕು, ಹತ್ತನ್ನು ಮೀರಿದ ಶ್ರೇಣಿಮೌಲ್ಯವೇ ಇಲ್ಲದ್ದರಿಂದ ಆ ಬಾಗಿಲು ನಾಲ್ಕನೆಯ ಸೆಮಿಸ್ಟರಿಗೇ ಮುಚ್ಚಿದೆ. 'ಕೊನೆಯ ವರ್ಷ ಓದಿ ಸರಿಮಾಡಿಕೊಳ್ಳುತ್ತೇನೆ' ಎಂಬ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಈ ಭಾಗಾಕಾರವೇ ಹೇಳುತ್ತದೆ. ಬೇಕಾದ ಸರಾಸರಿಯನ್ನು ಒಟ್ಟು ಕ್ರೆಡಿಟ್‌ಗಳಿಂದ ಗುಣಿಸಿ, ಈವರೆಗಿನ ಮೊತ್ತವನ್ನು ಕಳೆದು, ಉಳಿದ ಕ್ರೆಡಿಟ್‌ಗಳಿಂದ ಭಾಗಿಸುವುದು. ಇಷ್ಟೇ ಇದರ ಕ್ರಮ.

ಸೆಮಿಸ್ಟರುಗಳ ಕ್ರೆಡಿಟ್ ಮೊತ್ತ ಬೇರೆಬೇರೆಯಾಗಿದ್ದಾಗ ಸೆಮಿಸ್ಟರ್ ಸರಾಸರಿಗಳನ್ನು ಹಾಗೆಯೇ ಕೂಡಿಸಿ ಭಾಗಿಸುವುದೂ ತಪ್ಪು. 25 ಕ್ರೆಡಿಟ್‌ಗಳಿಗೆ 6.40, 20 ಕ್ರೆಡಿಟ್‌ಗಳಿಗೆ 8.80 ಬಂದಿದ್ದರೆ ಸರಿಯಾದ ಉತ್ತರ 7.47, ಬರಿಯ ನಡುಮೌಲ್ಯ 7.60.

7. ಶೇಕಡಾವಾರಿನ ಪ್ರಶ್ನೆ

ಶ್ರೇಣಿ ಸರಾಸರಿಯನ್ನು ಶೇಕಡಾವಾರಿಗೆ ಪರಿವರ್ತಿಸುವಲ್ಲಿ ಗೊಂದಲ ಪರಾಕಾಷ್ಠೆಗೆ ತಲಪುತ್ತದೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ಹತ್ತನೆಯ ತರಗತಿಗೆ ಶ್ರೇಣಿ ಪದ್ಧತಿ ಇದ್ದ ವರ್ಷಗಳಲ್ಲಿ 9.5ರಿಂದ ಗುಣಿಸಲು ಹೇಳಿತ್ತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಕೋಷ್ಟಕದಲ್ಲಿ 6.25 ಶೇಕಡಾ 55ಕ್ಕೆ, 6.75 ಶೇಕಡಾ 60ಕ್ಕೆ ಸಮ; ಅಂದರೆ 0.75 ಕಳೆದು ಹತ್ತರಿಂದ ಗುಣಿಸಬೇಕು. ನೇರವಾಗಿ ಹತ್ತರಿಂದ ಗುಣಿಸುವ ಪದ್ಧತಿಯೂ ಉಂಟು. ನಮ್ಮ ಉದಾಹರಣೆಯ 6.97 ಈ ಮೂರು ದಾರಿಗಳಲ್ಲಿ ಕ್ರಮವಾಗಿ ಶೇ. 66.2, ಶೇ. 62.2, ಶೇ. 69.7 ಆಗುತ್ತದೆ. ಮೊಬೈಲಿನಲ್ಲಿ ಸಿಕ್ಕ ಯಾವುದೋ ಪರಿವರ್ತಕದಲ್ಲಿ ಸಂಖ್ಯೆಯನ್ನು ಹಾಕಿ ಬಂದ ಉತ್ತರವನ್ನು ಅರ್ಜಿಯಲ್ಲಿ ತುಂಬುವುದರ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ. ಪ್ರತಿಯೊಂದು ಸೂತ್ರವೂ ಅದನ್ನು ರೂಪಿಸಿದ ಸಂಸ್ಥೆಯ ವ್ಯಾಪ್ತಿಗೆ ಮಾತ್ರ ಸಲ್ಲುತ್ತದೆ. ಪದವಿ ನೀಡಿದ ವಿಶ್ವವಿದ್ಯಾಲಯದ ನಿಯಮವೇ ಪ್ರಮಾಣ.

ಸ್ನಾತಕೋತ್ತರ ಹಂತದಲ್ಲಿ ಇದು ಇನ್ನೂ ತೀಕ್ಷ್ಣವಾಗುತ್ತದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಗೂ ರಾಜ್ಯದ ಅರ್ಹತಾ ಪರೀಕ್ಷೆಗೂ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55, ಮೀಸಲು ವರ್ಗಗಳಿಗೆ ಶೇ. 50 ಬೇಕು. ರಾಷ್ಟ್ರೀಯ ಪರೀಕ್ಷೆಯ ನಿಯಮದಲ್ಲಿ ದಶಾಂಶವನ್ನು ಮೇಲಕ್ಕೆ ಸರಿಸಿಕೊಳ್ಳಲು ಅವಕಾಶವಿಲ್ಲ, 54.99 ಎಂಬುದು 55 ಅಲ್ಲ. ಹತ್ತರಿಂದ ಗುಣಿಸುವ ನಿಯಮದಡಿ 55ನ್ನು ಮುಟ್ಟಲು 5.50 ಸಾಕು, 0.75 ಕಳೆಯುವ ನಿಯಮದಡಿ 6.25 ಬೇಕು. 5.80 ಪಡೆದ ಕನ್ನಡ ಎಂ.ಎ. ಪದವೀಧರೆಯೊಬ್ಬಳು ಒಂದು ನಿಯಮದಲ್ಲಿ ಶೇ. 58ರೊಂದಿಗೆ ಅಧ್ಯಾಪಕ ವೃತ್ತಿಯ ಹೊಸ್ತಿಲಲ್ಲಿರುತ್ತಾಳೆ, ಇನ್ನೊಂದರಲ್ಲಿ ಶೇ. 50.5ರೊಂದಿಗೆ ಹೊರಗುಳಿಯುತ್ತಾಳೆ. ಆದ್ದರಿಂದ ಪರಿವರ್ತನೆಯ ನಿಯಮವನ್ನು ಮೊದಲ ಸೆಮಿಸ್ಟರಿನಲ್ಲಿಯೇ ತಿಳಿದುಕೊಳ್ಳಬೇಕು. ಪದವಿ ಮುಗಿದ ಮೇಲೆ ಅಲ್ಲ.

8. ಕನ್ನಡ ಪತ್ರಿಕೆಯ ತೂಕ

'ಕನ್ನಡ ಹೇಗೂ ಪಾಸಾಗುತ್ತದೆ' ಎಂಬ ಮಾತು ಭಾಷಾ ತರಗತಿಗಳ ಹಾಜರಾತಿಯನ್ನು ಬಹುಕಾಲದಿಂದ ಕುಗ್ಗಿಸಿದೆ. ದರ್ಜೆಯ ಕಾಲದಲ್ಲಿ ಈ ಮಾತಿಗೆ ಒಂದಷ್ಟು ಆಧಾರವಿತ್ತು. ಭಾಷಾ ಪತ್ರಿಕೆಗಳ ಅಂಕಗಳನ್ನು ದರ್ಜೆಯ ನಿರ್ಣಯದಲ್ಲಿ ಐಚ್ಛಿಕ ವಿಷಯಗಳಷ್ಟು ಗಂಭೀರವಾಗಿ ಯಾರೂ ನೋಡುತ್ತಿರಲಿಲ್ಲ. ಶ್ರೇಣಿ ಸರಾಸರಿಯಲ್ಲಿ ಪರಿಸ್ಥಿತಿ ಬೇರೆ. ಮೇಲಿನ ಮಾದರಿಯಲ್ಲಿ ಕನ್ನಡಕ್ಕೆ 25ರಲ್ಲಿ 3 ಕ್ರೆಡಿಟ್, ಅಂದರೆ ಶೇ. 12ರ ತೂಕವಿದೆ, ಇತಿಹಾಸದ ಒಂದು ಪತ್ರಿಕೆಗೂ ಅಷ್ಟೇ ತೂಕ. ಕನ್ನಡದಲ್ಲಿ 6ರ ಬದಲು 9 ಪಡೆದರೆ ಆ ಸೆಮಿಸ್ಟರಿನ ಸರಾಸರಿ 0.36ರಷ್ಟು ಏರುತ್ತದೆ. ನಾಲ್ಕು ಸೆಮಿಸ್ಟರುಗಳಲ್ಲೂ ಹೀಗಾದರೆ 148 ಕ್ರೆಡಿಟ್‌ಗಳ ಸಂಚಿತ ಸರಾಸರಿಯಲ್ಲಿ 0.24ರಷ್ಟು ಹೆಚ್ಚಳ ಉಳಿಯುತ್ತದೆ. 6.80 ಮತ್ತು 7.04ರ ನಡುವಿನ ಅಂತರ ಅದು.

ಈ ಲೆಕ್ಕವನ್ನು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ಕನ್ನಡವನ್ನು ಸರಾಸರಿ ಏರಿಸುವ ಸಾಧನವಾಗಿ ಮಾತ್ರ ಕಾಣುವರೆಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಲೆಕ್ಕವನ್ನು ಮುಚ್ಚಿಟ್ಟರೆ ಸಾಹಿತ್ಯಪ್ರೀತಿ ಹೆಚ್ಚುತ್ತದೆ ಎನ್ನಲಾಗದು. ಲೆಕ್ಕ ತಿಳಿಯದ ವಿದ್ಯಾರ್ಥಿ ತರಗತಿಗೇ ಬಾರದಿದ್ದಾನೆ. ಲೆಕ್ಕ ತಿಳಿದು ಬಂದವನನ್ನು ಕಾವ್ಯದ ಕಡೆಗೆ ತಿರುಗಿಸುವುದು ನಮ್ಮ ಬೋಧನೆಯ ಕೆಲಸ.

ಇದರ ಇನ್ನೊಂದು ಮಗ್ಗುಲು ಅಧ್ಯಾಪಕರಿಗೆ ಸಂಬಂಧಿಸಿದ್ದು. 2021-22ರ ಪಠ್ಯಕ್ರಮದಲ್ಲಿ ನೂರು ಅಂಕಗಳಲ್ಲಿ 40 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿತ್ತು. ಎಲ್ಲರಿಗೂ 38 ಎಂದು ಬರೆದುಬಿಡುವುದು ಉದಾರತೆಯಂತೆ ತೋರಬಹುದು. ಆದರೆ ಆಗ ಚೆನ್ನಾಗಿ ಬರೆಯುವವಳ ಶ್ರಮಕ್ಕೂ ಬರೆಯದವನ ಉದಾಸೀನಕ್ಕೂ ಒಂದೇ ಬೆಲೆ ಬರುತ್ತದೆ. ಚಿನ್ನದ ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಒರೆಗೆ ಹಚ್ಚದೆಯೇ ವರ್ಣವನ್ನು ಬರೆದಂತಾಗುತ್ತದೆ. ಕೈಬಿಗಿ ಹಿಡಿದು ಎಲ್ಲರಿಗೂ 25 ಹಾಕುವುದೂ ಅಷ್ಟೇ ಅನ್ಯಾಯ. ಬೇರೆ ಕಾಲೇಜಿನ, ಬೇರೆ ವಿಷಯದ ವಿದ್ಯಾರ್ಥಿಗಳೊಡನೆ ಒಂದೇ ಪಟ್ಟಿಯಲ್ಲಿ ನಿಲ್ಲಬೇಕಾದ ನಮ್ಮ ವಿದ್ಯಾರ್ಥಿ ಅದರ ನಷ್ಟವನ್ನು ಸಂಚಿತ ಸರಾಸರಿಯಲ್ಲಿ ಕೊನೆಯವರೆಗೂ ಹೊತ್ತು ನಡೆಯಬೇಕಾಗುತ್ತದೆ. ಮೌಲ್ಯಮಾಪನದ ಮಾನದಂಡಗಳನ್ನು ಸೆಮಿಸ್ಟರಿನ ಆರಂಭದಲ್ಲಿಯೇ ಕನ್ನಡದಲ್ಲಿ ಬರೆದು ಪ್ರಕಟಿಸುವುದು ಇದಕ್ಕಿರುವ ಸರಳ ಪರಿಹಾರ.

9. ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಸಂಚಿತ ಶ್ರೇಣಿ ಸರಾಸರಿಯ ಲೆಕ್ಕ ಕಠಿಣವಾದುದಲ್ಲ. ಅದರ ಭಾಷೆ ಮಸುಕಾಗಿದೆ. ಈ ಮಸುಕನ್ನು ತಿಳಿಯಾಗಿಸಲು ಕನ್ನಡ ವಿಭಾಗಗಳು ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಮೊದಲನೆಯದಾಗಿ, ಮೊದಲ ಸೆಮಿಸ್ಟರಿನ ಒಂದು ತರಗತಿಯನ್ನು ಅಂಕಪಟ್ಟಿಯ ಓದಿಗೆ ಮೀಸಲಿಡುವುದು. ಪತ್ರಿಕೆ, ಕ್ರೆಡಿಟ್, ಶ್ರೇಣಿಮೌಲ್ಯ, ಗುಣಲಬ್ಧ ಎಂಬ ನಾಲ್ಕು ಕಂಬಸಾಲುಗಳ ಪಟ್ಟಿಯನ್ನು ಪ್ರತಿ ವಿದ್ಯಾರ್ಥಿಯೂ ತನ್ನ ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡು ಪ್ರತಿ ಫಲಿತಾಂಶದ ನಂತರ ತುಂಬುವಂತೆ ಮಾಡಬಹುದು. ಎರಡನೆಯದಾಗಿ, ವ್ಯಾವಹಾರಿಕ ಕನ್ನಡದ ಪಾಠದಲ್ಲಿ ಕಾಲ್ಪನಿಕ ಅರ್ಜಿಗಳ ಬದಲು ಅಂಕಪಟ್ಟಿಯ ತಿದ್ದುಪಡಿ, ಮರುಮೌಲ್ಯಮಾಪನ, ಪರಿವರ್ತನಾ ಪ್ರಮಾಣಪತ್ರಗಳಿಗಾಗಿ ಬರೆಯಬೇಕಾದ ನಿಜವಾದ ಅರ್ಜಿಗಳನ್ನು ಅಭ್ಯಾಸ ಮಾಡಿಸುವುದು. ಮೂರನೆಯದಾಗಿ, 'ಅಂಕ' ಮತ್ತು 'ಶ್ರೇಣಿಮೌಲ್ಯ'ಗಳನ್ನು ಬೇರ್ಪಡಿಸಿ ಹೇಳುವ ಏಕರೂಪದ ಕನ್ನಡ ಪದಾವಳಿಯನ್ನು ರೂಪಿಸಿ, ಪರಿವರ್ತನೆಯ ನಿಯಮದೊಂದಿಗೆ ಅದನ್ನು ಅಂಕಪಟ್ಟಿಯ ಹಿಂಬದಿಯಲ್ಲಿ ಮುದ್ರಿಸುವಂತೆ ವಿಶ್ವವಿದ್ಯಾಲಯಕ್ಕೆ ಸಲಹೆ ನೀಡುವುದು.

ಹೊಸದುರ್ಗದ ಹಳ್ಳಿಯಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ವಿದ್ಯಾರ್ಥಿನಿಗೆ ಈ ಲೆಕ್ಕವನ್ನು ಹೇಳಿಕೊಡುವವರು ಮನೆಯಲ್ಲಿಲ್ಲ. ಎರಡು ದಶಾಂಶಗಳ ಒಂದು ಸಂಖ್ಯೆ ಅವಳ ಮುಂದಿನ ಓದನ್ನೂ ಉದ್ಯೋಗವನ್ನೂ ನಿರ್ಧರಿಸುತ್ತದೆ ಎಂದಾದರೆ, ಆ ಸಂಖ್ಯೆ ಹೇಗೆ ಹುಟ್ಟಿತು ಎಂಬುದನ್ನು ಅವಳದೇ ಭಾಷೆಯಲ್ಲಿ ಅವಳಿಗೆ ತಿಳಿಸುವುದು ಕನ್ನಡ ಅಧ್ಯಾಪಕರ ಕರ್ತವ್ಯದ ಒಳಗೇ ಬರುತ್ತದೆ.